ಲಂಡನ್ನಿನ ಸುತ್ತ ಒಂದು ಹಗಲಿನ ಊರುಗಳು

ಮಗನೋ ಮಗಳೋ ಲಂಡನ್ನಿನಲ್ಲಿ ನೆಲಸಿರುವ ಸಂಸಾರಗಳು ಈಗ ನಮ್ಮ ನಾಡಿನಲ್ಲಿ ವಿರಳವಲ್ಲ. ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ಕಾಣುವ ಹಂಬಲದಿಂದಲೋ ಅಲ್ಲಿಗೆ ಹೋದ ಹಿರಿಯರು ಮೊದಲ ಹದಿನೈದು ದಿನಗಳಲ್ಲಿ ಗೋಪುರ, ಸೇತುವೆ, ವಸ್ತುಸಂಗ್ರಹಾಲಯಗಳನ್ನೆಲ್ಲ ನೋಡಿ ಮುಗಿಸುತ್ತಾರೆ. ಆಮೇಲೆ ಮಕ್ಕಳು ಕೆಲಸಕ್ಕೆ ಹೊರಟುಹೋದ ಹಗಲುಗಳು ಉಳಿಯುತ್ತವೆ. ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದಾದ ಊರುಗಳು ಆ ಮಹಾನಗರದ ಸುತ್ತ ಎಷ್ಟೋ ಇವೆ. ಆದರೆ ಅವುಗಳನ್ನು ನೋಡುವ ಕ್ರಮವನ್ನು ನಾವು ಕಲಿತದ್ದು ಒಂದು ದಿನವನ್ನು ಹಾಳುಮಾಡಿಕೊಂಡ ಮೇಲೆಯೇ.

ನನ್ನ ಜೊತೆಯಲ್ಲಿ ನನ್ನ ಪತ್ನಿಯೂ ಅಕ್ಕನೂ ಇದ್ದರು. ಅಕ್ಕನಿಗೆ ಎಪ್ಪತ್ತೆರಡು ವರ್ಷ. ಮದುವೆಯಾದಂದಿನಿಂದ ಶ್ರೀರಂಗಪಟ್ಟಣದ ಕೋಟೆಯೊಳಗೇ ಬಾಳಿದವಳು. ಟಿಪ್ಪುವಿನ ಸಿಂಹಾಸನದ ಹುಲಿಯ ತಲೆ ವಿಂಡ್ಸರಿನ ಅರಮನೆಯಲ್ಲಿದೆಯೆಂದು ಅವಳ ಮಾವನವರು ಹೇಳುತ್ತಿದ್ದರಂತೆ. ವಿಮಾನ ಹತ್ತುವ ಮುಂಚೆಯೇ ಅವಳು ನನಗೆ ಹೇಳಿದ್ದಳು: “ಮಿಕ್ಕದ್ದನ್ನು ನೀನು ಏನು ಬೇಕಾದರೂ ತೋರಿಸು, ಬಿಡು. ಅದೊಂದನ್ನು ಮಾತ್ರ ತಪ್ಪಿಸಬೇಡ.”

ನಾನು ಮಾಡಿದ್ದೇನು? ಒಂದೇ ದಿನದಲ್ಲಿ ವಿಂಡ್ಸರ್, ಸ್ಟೋನ್‌ಹೆಂಜ್, ಬಾತ್ ಮೂರನ್ನೂ ತೋರಿಸುತ್ತೇವೆಂಬ ಒಂದು ಪ್ರವಾಸಿ ಮೋಟಾರಿನಲ್ಲಿ ಮೂರು ಸ್ಥಳಗಳನ್ನು ಕಾದಿರಿಸಿದೆ. ಒಂದೇ ಖರ್ಚಿನಲ್ಲಿ ಮೂರು ಊರು ಮುಗಿಯುವುದಲ್ಲಾ ಎಂಬ ಜಾಣತನ! ವಿಂಡ್ಸರಿನಲ್ಲಿ ನಮಗೆ ದೊರೆತದ್ದು ಒಂದೂಕಾಲು ಗಂಟೆ. ಅದರಲ್ಲಿ ಅರ್ಧವು ಕೋಟೆಯ ಬಾಗಿಲಿನ ತಪಾಸಣೆಯ ಸಾಲಿನಲ್ಲಿಯೇ ಕಳೆಯಿತು. ಅಕ್ಕ ಏರಿನಲ್ಲಿ ಎರಡು ಕಡೆ ಕುಳಿತಳು. ಅರಮನೆಯ ಮೆಟ್ಟಲಿನ ಬಳಿಗೆ ಬಂದಾಗ ಮೋಟಾರು ಹೊರಡುವ ವೇಳೆಯಾಗಿತ್ತು, ಹಿಂದಿರುಗಿದೆವು. ಆ ದಿನದ ಉಳಿದ ಭಾಗದಲ್ಲಿ ಅವಳು ಹೆಚ್ಚು ಮಾತನಾಡಲಿಲ್ಲ. ಬಾತಿನ ರೋಮನ್ ಸ್ನಾನಗೃಹಗಳು ಬಹಳ ಚೆಲುವಾದವೆಂದು ಎಲ್ಲರೂ ಹೇಳುತ್ತಾರೆ. ನನಗೆ ನೆನಪಿರುವುದು ಅಲ್ಲಿನ ಕಲ್ಲುಬೆಂಚಿನ ಮೇಲೆ ಕಾಲು ಒತ್ತಿಕೊಳ್ಳುತ್ತ ಕುಳಿತಿದ್ದ ಅಕ್ಕನ ಮುಖ ಮಾತ್ರ.

ಅಂದಿನಿಂದ ದಿನಕ್ಕೆ ಒಂದೇ ಊರು, ಊರಿನಲ್ಲಿ ನೋಡಲೇಬೇಕಾದದ್ದು ಒಂದೇ ವಸ್ತು ಎಂದು ನಿಶ್ಚಯಿಸಿದೆವು. ಉಳಿದದ್ದು ಕಣ್ಣಿಗೆ ಬಿದ್ದರೆ ಲಾಭ, ಬೀಳದಿದ್ದರೆ ನಷ್ಟವಿಲ್ಲ. ಎರಡು ದಿನ ಸುತ್ತಾಟವಾದರೆ ಒಂದು ದಿನ ಮನೆಯಲ್ಲೇ ಇರತಕ್ಕದ್ದು.

ರೈಲುಗಾಡಿಯ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ನಮ್ಮವರು ಹೆಚ್ಚಾಗಿ ತೊಡಕಿಗೆ ಸಿಕ್ಕುವುದು ಅಲ್ಲಿಯೇ. ಲಂಡನ್ನಿಗೆ ನಡುನಿಲ್ದಾಣವೆಂಬುದು ಒಂದಿಲ್ಲ. ದಿಕ್ಕಿಗೆ ತಕ್ಕಂತೆ ಬೇರೆ ಬೇರೆ ನಿಲ್ದಾಣಗಳಿವೆ. ಪಶ್ಚಿಮಕ್ಕೆ ಪ್ಯಾಡಿಂಗ್ಟನ್, ನೈರುತ್ಯಕ್ಕೆ ವಾಟರ್‌ಲೂ, ದಕ್ಷಿಣದ ಕಡಲತೀರಕ್ಕೆ ವಿಕ್ಟೋರಿಯಾ, ಕೇಂಬ್ರಿಜ್ಜಿಗೆ ಕಿಂಗ್ಸ್ ಕ್ರಾಸ್, ಸೇಂಟ್ ಆಲ್ಬನ್ಸಿಗೆ ಸೇಂಟ್ ಪ್ಯಾಂಕ್ರಸ್. ಆದುದರಿಂದ ಊರನ್ನು ಆರಿಸುವಾಗ ಅದು ಎಷ್ಟು ಮೈಲಿ ದೂರವೆಂದು ನೋಡುವುದಕ್ಕಿಂತ, ಅದರ ಗಾಡಿ ಹೊರಡುವ ನಿಲ್ದಾಣಕ್ಕೆ ಮಗಳ ಮನೆಯಿಂದ ಹೋಗುವುದು ಸುಲಭವೇ ಎಂದು ನೋಡುವುದು ಮೇಲು. ವಾರದ ದಿನಗಳಲ್ಲಿ ಬೆಳಗಿನ ಕಚೇರಿಯ ಹೊತ್ತಿನಲ್ಲಿ ಟಿಕೆಟ್ಟಿನ ಬೆಲೆ ಹೆಚ್ಚು. ಸಾಮಾನ್ಯವಾಗಿ ಒಂಬತ್ತೂವರೆ ಗಂಟೆ ಕಳೆದ ಮೇಲೆ ಇಳಿಯುತ್ತದೆ. ವೃದ್ಧರಿಗೆ ಇದರಿಂದ ಎರಡು ಅನುಕೂಲ: ಹಣವೂ ಉಳಿಯುತ್ತದೆ, ಸ್ನಾನ ಪೂಜೆಗಳನ್ನು ಅವಸರವಿಲ್ಲದೆ ಮುಗಿಸಿಕೊಂಡು ಹೊರಡಲೂ ಆಗುತ್ತದೆ. ೬೦ ವರ್ಷ ದಾಟಿದವರಿಗೆ ಹಿರಿಯರ ರೈಲು ಕಾರ್ಡೊಂದು ದೊರೆಯುತ್ತದೆ. ಪರದೇಶದವರೂ ರಹದಾರಿಯನ್ನು ತೋರಿಸಿ ಅದನ್ನು ಕೊಳ್ಳಬಹುದು. ಒಂದು ವರ್ಷದವರೆಗೆ ಬಹುಪಾಲು ಟಿಕೆಟ್ಟುಗಳ ಬೆಲೆಯಲ್ಲಿ ಮೂರರಲ್ಲೊಂದು ಭಾಗ ಕಡಿತ. ದೊಡ್ಡ ನಿಲ್ದಾಣಗಳಲ್ಲಿ ಶೌಚಗೃಹಕ್ಕೆ ಹಿಂದೆ ಕಾಸು ಕೊಡಬೇಕಾಗಿತ್ತು, ೨೦೧೯ರಿಂದ ಬೇಡ. ಇಂಥದನ್ನು ಮಾಸಪತ್ರಿಕೆಯಲ್ಲಿ ಬರೆಯುವುದು ಸೊಗಸಲ್ಲವೆಂದು ಯಾರಾದರೂ ಹೇಳಿಯಾರು. ಮುದುಕರ ಜೊತೆಯಲ್ಲಿ ತಿರುಗಿದವರು ಹೇಳಲಾರರು. ಭಾನುವಾರಗಳಲ್ಲಿ ಹಳಿಯ ರಿಪೇರಿ ನಡೆಯುವುದುಂಟು. ಹಿಂದಿನ ರಾತ್ರಿ ವಿಚಾರಿಸಿಕೊಳ್ಳದೆ ಹೊರಟರೆ ಅರ್ಧ ದಾರಿಯಲ್ಲಿ ಗಾಡಿಯಿಂದ ಇಳಿದು ಬಸ್ಸು ಹತ್ತಬೇಕಾದೀತು.

ಮೊದಲ ಪ್ರಯೋಗಕ್ಕೆ ಸೇಂಟ್ ಆಲ್ಬನ್ಸ್ ಉತ್ತಮ. ವೇಗದ ಗಾಡಿಯಲ್ಲಿ ಇಪ್ಪತ್ತು ನಿಮಿಷದ ದಾರಿ. ಕುಳಿತು ಕೈಚೀಲವನ್ನು ಸರಿಪಡಿಸಿಕೊಳ್ಳುವುದರೊಳಗೆ ಊರು ಬಂದುಬಿಡುತ್ತದೆ. ರೋಮನ್ನರು ಇಲ್ಲಿ ವೆರುಲೇಮಿಯಂ ಎಂಬ ಪಟ್ಟಣವನ್ನು ಕಟ್ಟಿದ್ದರು. ಅದು ಪಾಳುಬಿದ್ದ ಮೇಲೆ ಅದರ ಇಟ್ಟಿಗೆಗಳನ್ನೇ ಹೊತ್ತು ತಂದು ನಾರ್ಮನ್ನರು ೧೦೭೭ರಿಂದ ಮುಂದಕ್ಕೆ ದಿಣ್ಣೆಯ ಮೇಲೆ ದೊಡ್ಡ ದೇವಾಲಯವನ್ನು ಎಬ್ಬಿಸಿದರು. ಗೋಪುರದ ಕೆಂಪು ಇಟ್ಟಿಗೆಗಳು ಇಂದಿಗೂ ಎದ್ದು ಕಾಣುತ್ತವೆ. “ನಮ್ಮೂರಲ್ಲೂ ಹೀಗೇ, ಹಳೆಯ ಕಲ್ಲು ಯಾವ ಮನೆಯ ಗೋಡೆಯಲ್ಲಿಲ್ಲ!” ಎಂದಳು ಅಕ್ಕ. ಎಂಟನೆಯ ಹೆನ್ರಿಯ ಕಾಲದಲ್ಲಿ, ೧೫೩೯ರಲ್ಲಿ, ಇಲ್ಲಿನ ಮಠವನ್ನು ಮುಚ್ಚಿಸಿದರು. ಸಂತ ಆಲ್ಬನನ ಸಮಾಧಿಪೀಠವನ್ನು ಒಡೆದು ಪುಡಿಮಾಡಿದರು. ೧೫೫೩ರಲ್ಲಿ ಊರಿನವರು ೪೦೦ ಪೌಂಡು ಕೊಟ್ಟು ದೇವಾಲಯವನ್ನು ತಮ್ಮದಾಗಿ ಕೊಂಡರು. ಆಮೇಲೆ ೧೮೭೨ರಲ್ಲಿ ಗೋಡೆಗಳಲ್ಲಿ ಸೇರಿಹೋಗಿದ್ದ ಪೀಠದ ಚೂರುಗಳು, ಎರಡು ಸಾವಿರಕ್ಕೂ ಹೆಚ್ಚು, ದೊರೆತವು. ಅವುಗಳನ್ನು ಒಂದೊಂದಾಗಿ ಜೋಡಿಸಿ ನಿಲ್ಲಿಸಿದ್ದಾರೆ. ಜೋಡಣೆಯ ಗೆರೆಗಳು ಕಾಣುತ್ತವೆ. ಒಳಗೆ ಹೋಗಲು ಶುಲ್ಕವಿಲ್ಲ. ಇಷ್ಟವಿದ್ದಷ್ಟು ಹುಂಡಿಗೆ ಹಾಕಬಹುದು. ಅಲ್ಲಿಂದ ಇಳಿದರೆ ವೆರ್ ಎಂಬ ಪುಟ್ಟ ಹೊಳೆ, ವಿಶಾಲವಾದ ಹುಲ್ಲುಗಾವಲು, ಕೆರೆ, ಬಾತುಗಳು. ಅಲ್ಲಿಯೇ ಬುತ್ತಿಯನ್ನು ಬಿಚ್ಚಿದೆವು. ಬುಧವಾರವೂ ಶನಿವಾರವೂ ಪೇಟೆಯಲ್ಲಿ ಸಂತೆ ಸೇರುತ್ತದೆ. ನಮ್ಮ ಮನೆಯವರು ತರಕಾರಿ ಕೊಂಡರು.

ಸಮುದ್ರವನ್ನು ನೋಡಬೇಕೆನ್ನುವವರಿಗೆ ಬ್ರೈಟನ್ ಒಂದು ಗಂಟೆಯ ದಾರಿ. ತೀರದಲ್ಲಿ ಮರಳಿಲ್ಲ, ಬರಿಯ ಗುಂಡುಕಲ್ಲು. ಬರಿಗಾಲಿನಲ್ಲಿ ನಡೆಯುವ ಆಸೆಯನ್ನು ಬಿಡಬೇಕು. ನಿಲ್ದಾಣದಿಂದ ಕಡಲಿಗೆ ಇಳಿಜಾರು. ಮರಳುವಾಗ ಅದೇ ಏರು. ಆದುದರಿಂದ ಹೋಗುವಾಗ ನಡೆದು ಬರುವಾಗ ಬಸ್ಸು ಹಿಡಿಯುವುದು ಲೇಸು. ಆದರೆ ಭಾರತೀಯರು ಈ ಊರಿಗೆ ಹೋಗಬೇಕಾದದ್ದು ಕಡಲಿಗಾಗಿ ಮಾತ್ರವಲ್ಲ. ನಾಲ್ಕನೆಯ ಜಾರ್ಜನಿಗಾಗಿ ಜಾನ್ ನ್ಯಾಷ್ ಎಂಬ ಶಿಲ್ಪಿ ಹಿಂದೂಸ್ಥಾನದ ಗುಮ್ಮಟಗಳನ್ನು ಅನುಕರಿಸಿ ರೂಪಿಸಿದ ವಿಲಾಸಮಂದಿರವೊಂದು ಅಲ್ಲಿದೆ. ಹೊರಗಿನಿಂದ ನೋಡಿದರೆ ನಮ್ಮ ಕಣ್ಣಿಗೆ ಅದು ನಾಟಕದ ಪರದೆಯಂತೆ ತೋರುತ್ತದೆ. ನಿಜವಾದ ಗುಮ್ಮಟಗಳನ್ನು ನೋಡಿದವರಿಗೆ ಸ್ವಲ್ಪ ನಗುವೂ ಬರಬಹುದು. ೧೯೧೪ರ ಡಿಸೆಂಬರಿನಿಂದ ೧೯೧೬ರ ಆದಿಯವರೆಗೆ ಈ ವಿಲಾಸಮಂದಿರವು ಫ್ರಾನ್ಸಿನ ಯುದ್ಧಭೂಮಿಯಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಗಿತ್ತು. ಮತಾಚಾರಗಳನ್ನನುಸರಿಸಿ ಬೇರೆ ಬೇರೆ ಅಡಿಗೆಮನೆಗಳನ್ನು ಏರ್ಪಡಿಸಿದ್ದರು. ಹಿಂದೂಗಳಿಗೂ ಮುಸಲ್ಮಾನರಿಗೂ ಕುಡಿಯುವ ನೀರಿನ ನಲ್ಲಿಗಳೂ ಪ್ರತ್ಯೇಕ. ಬಣ್ಣದ ದೀಪಗುಚ್ಛಗಳ ಕೆಳಗೆ ಸಾಲಾಗಿ ಮಂಚಗಳನ್ನು ಹಾಕಿದ್ದ ಆ ಕಾಲದ ಚಿತ್ರಗಳನ್ನು ಅಲ್ಲಿ ಕಾಣಬಹುದು.

ತೀರಿಹೋದ ಹಿಂದೂ ಮತ್ತು ಸಿಖ್ಖ ಯೋಧರಲ್ಲಿ ಐವತ್ತಮೂವರನ್ನು ಊರ ಹೊರಗಿನ ಗುಡ್ಡದ ಮೇಲೆ ದಹನಮಾಡಿದರು. ಆ ಸ್ಥಳದಲ್ಲಿ ಬಿಳಿಯ ಅಮೃತಶಿಲೆಯ ಛತ್ರಿಯೊಂದು ನಿಂತಿದೆ. ೧೯೨೧ರ ಫೆಬ್ರವರಿಯಲ್ಲಿ ಅಂದಿನ ಯುವರಾಜನು ಅದನ್ನು ಅನಾವರಣಮಾಡಿದನು. ಅಲ್ಲಿಗೆ ಬಂಡಿಯ ದಾರಿಯಿಲ್ಲ. ಹುಲ್ಲುಗುಡ್ಡವನ್ನು ನಡೆದೇ ಏರಬೇಕು. ಅಕ್ಕನನ್ನೂ ಮನೆಯವರನ್ನೂ ಕಡಲ ದಡದಲ್ಲಿ ಕೂರಿಸಿ ನಾನೊಬ್ಬನೇ ಹೋದೆ. ಸುತ್ತಲೂ ಕುರಿಗಳು ಮೇಯುತ್ತಿದ್ದವು. ಗಾಳಿಯ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ. ಎಲ್ಲಿಯ ಊರು, ಎಲ್ಲಿಯ ಚಿತೆ!

ಆಕ್ಸ್‌ಫರ್ಡು, ಕೇಂಬ್ರಿಜ್ಜುಗಳಲ್ಲಿ ಒಂದನ್ನು ನೋಡಿದರೆ ಸಾಕು. ನಾವು ಕೇಂಬ್ರಿಜ್ಜನ್ನು ಆರಿಸಿದೆವು. ರಾಮಾನುಜನ್ ೧೯೧೪ರಿಂದ ೧೯೧೯ರವರೆಗೆ ಇದ್ದ ಟ್ರಿನಿಟಿ ಅಲ್ಲಿದೆ. ನಿಲ್ದಾಣದಿಂದ ಊರು ಮೈಲಿಗಿಂತ ಹೆಚ್ಚು ದೂರವೆಂಬುದನ್ನು ಮಾತ್ರ ಮರೆಯಬಾರದು. ಹೊರಗೆ ಹೋಗಲಾರದ ದಿನಗಳಲ್ಲಿ ಲಂಡನ್ನಿನಲ್ಲಿಯೇ ಥೇಮ್ಸ್ ದಂಡೆಯ ಲ್ಯಾಂಬೆತ್ತಿನಲ್ಲಿ ೨೦೧೫ರಲ್ಲಿ ಸ್ಥಾಪಿಸಿದ ಬಸವಣ್ಣನವರ ಪ್ರತಿಮೆಯಿದೆ. ನದಿಯ ಆಚೆಗೆ ಪಾರ್ಲಿಮೆಂಟು. ಒಂದು ಸಂಜೆಗೆ ಅಷ್ಟು ಸಾಕು.

ಇನ್ನು ಋತುವಿನ ಮಾತು. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ; ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯಾಸ್ತ. ಚಳಿಗಾಲದಲ್ಲಿ ಹೋದವರು ಸೇಂಟ್ ಆಲ್ಬನ್ಸಿಗಿಂತ ದೂರ ಹೋಗದಿರುವುದೇ ಕ್ಷೇಮ.

ಊರಿಗೆ ಹೊರಡಲು ಎಂಟು ದಿನಗಳಿದ್ದಾಗ ಒಂದು ಗುರುವಾರ ಮತ್ತೆ ವಿಂಡ್ಸರಿಗೆ ಹೋದೆವು. ಮಂಗಳವಾರ, ಬುಧವಾರಗಳಲ್ಲಿ ಕೋಟೆಯನ್ನು ಸಾಮಾನ್ಯವಾಗಿ ತೆರೆಯುವುದಿಲ್ಲ; ಟಿಕೆಟ್ಟನ್ನು ಮುಂಚಿತವಾಗಿ ಕೊಂಡರೆ ಬೆಲೆ ಕಡಿಮೆ. ವಾಟರ್‌ಲೂವಿನಿಂದ ನೇರವಾದ ಗಾಡಿ. ಒಂದು ಗಂಟೆಗೆ ಹತ್ತಿರ ಹತ್ತಿರ ಹಿಡಿಯುತ್ತದೆ, ಬದಲಾಯಿಸಬೇಕಾದದ್ದಿಲ್ಲ. ಮೊದಲು ಹೊಳೆಯ ದಂಡೆಯಲ್ಲಿ ಅರ್ಧ ಗಂಟೆ ಕುಳಿತು ಹಂಸಗಳನ್ನು ನೋಡಿ, ಕಾಫಿ ಕುಡಿದು, ಆಮೇಲೆ ಏರನ್ನು ಹತ್ತಿದೆವು. ಈ ಸಲ ನಮ್ಮನ್ನು ಕರೆಯುವ ಮೋಟಾರಿರಲಿಲ್ಲ.

ಅರಮನೆಯ ದೊಡ್ಡ ಮೆಟ್ಟಲನ್ನು ಏರಿದ ಮೇಲಿನ ಅಂಗಳದಂಥ ಕೊಠಡಿಯಲ್ಲಿ, ಗಾಜಿನ ಹಿಂದೆ, ಅದು ಇತ್ತು. ಮರದ ಮೇಲೆ ಚಿನ್ನದ ತಗಡನ್ನು ಹೊದಿಸಿದ ಹುಲಿಯ ತಲೆ. ಕಣ್ಣುಗಳೂ ಹಲ್ಲುಗಳೂ ಸ್ಫಟಿಕ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಈ ತಲೆಯನ್ನು ೧೮೩೧ರಲ್ಲಿ ಕಂಪೆನಿಯವರು ನಾಲ್ಕನೆಯ ವಿಲಿಯಮ್ ದೊರೆಗೆ ಒಪ್ಪಿಸಿದರು. ಇಂಗ್ಲಿಷರನ್ನು ಸೋಲಿಸುವವರೆಗೆ ಟಿಪ್ಪು ಆ ಸಿಂಹಾಸನವನ್ನು ಏರುವುದಿಲ್ಲವೆಂದು ಪಣತೊಟ್ಟಿದ್ದನೆಂಬ ಪ್ರತೀತಿಯಿದೆ. ಇದನ್ನೆಲ್ಲ ನಾನು ಮೆಲ್ಲಗೆ ಓದಿ ಹೇಳುತ್ತಿದ್ದೆ. ಅಕ್ಕ ಕೇಳುತ್ತಿದ್ದಳೋ ಇಲ್ಲವೋ ತಿಳಿಯದು. ಕನ್ನಡಕವನ್ನು ಸೆರಗಿನಿಂದ ಒರಸಿಕೊಂಡು ಮತ್ತೆ ಹಾಕಿಕೊಂಡಳು. ಕಾವಲಿನ ಹೆಂಗಸು ಅವಳ ವಯಸ್ಸನ್ನು ಕಂಡು ಒಂದು ಕುರ್ಚಿಯನ್ನು ತಂದಿಟ್ಟಳು. ಎಲ್ಲಿಂದ ಬಂದಿರಿ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ, ಹುಲಿಯನ್ನು ತೋರಿಸಿ, “ಇದರ ಊರಿನಿಂದ” ಎಂದಳು.

ಇಪ್ಪತ್ತು ನಿಮಿಷ ಅಲ್ಲಿ ಕುಳಿತಿದ್ದೆವು. ಮಿಕ್ಕ ಕೊಠಡಿಗಳನ್ನು ನೋಡುವ ಆಸೆ ಯಾರಿಗೂ ಇರಲಿಲ್ಲ. ಕೆಳಗೆ ಇಳಿದು, ಅರಮನೆಯಿಂದ ಎರಡೂವರೆ ಮೈಲಿಗೂ ಹೆಚ್ಚು ನೇರವಾಗಿ ಹೋಗುವ ಸಾಲುಮರದ ದಾರಿಯಲ್ಲಿ ಸ್ವಲ್ಪ ದೂರ ನಡೆದು, ಹುಲ್ಲಿನ ಮೇಲೆ ಜಮಖಾನ ಹಾಸಿ ಮೊಸರನ್ನವನ್ನು ಉಂಡೆವು. ನಾಲ್ಕು ಗಂಟೆಯ ಗಾಡಿಯಲ್ಲಿ ಅಕ್ಕ ಕಿಟಕಿಗೆ ಒರಗಿ ಸ್ಟೇನ್ಸ್ ಬರುವ ಮೊದಲೇ ನಿದ್ದೆಹೋದಳು.