ಒಂದು ಬೈಟ್ ಹೆಚ್ಚಿಗೆ ಇರಲಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ಈ ಗಾದೆ ತಿರುಗುಮುರುಗು. ಇಲ್ಲಿ ಮೊದಲು ಕಾಲಿನ ಉದ್ದ ಅಳೆಯಬೇಕು, ಆಮೇಲೆ ಹಾಸಿಗೆ ಹಾಸಬೇಕು. ಅದೂ ಒಂದು ಗೇಣು ಹೆಚ್ಚಿಗೆ!

ನಾನು ಓದಿದ್ದು ಬಿ.ಎಸ್ಸಿ., ಬಿ.ಎಡ್. ಪಾಠ ಮಾಡುವುದು ವಿಜ್ಞಾನ. ಸಿ ಕಲಿತದ್ದು ಮಗಳ ಪಠ್ಯಪುಸ್ತಕದಿಂದ, ಮನೆಯಲ್ಲಿ ಕುಳಿತು. ಇದು ತಿಳಿದು, ಡಿಪ್ಲೊಮಾ ಓದುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಬಂದಿದ್ದ. ಒಂದು ಫೈಲಿನಲ್ಲಿರುವುದನ್ನೆಲ್ಲ ಓದಿ ಸ್ಟ್ರಿಂಗ್‌ಗೆ, ಅಂದರೆ ಮೆಮೊರಿಯಲ್ಲಿ ಸಾಲಾಗಿ ಕೂರುವ ಅಕ್ಷರಮಾಲೆಗೆ, ತುಂಬಿಸುವ ಪ್ರೋಗ್ರಾಂ ಬರೆದಿದ್ದ. "ನಾಲ್ಕು ಸಲ ಸರಿಯಾಗೇ ಬಂತು ಸಾರ್. ಐದನೇ ಸಲ ಕೊನೆಯಲ್ಲಿ ಏನೇನೋ ಕಸ ಬಂತು. ಕಂಪ್ಯೂಟರೇ ಕೆಟ್ಟಿರಬೇಕು" ಎಂದ.

ಕಂಪ್ಯೂಟರ್ ಕೆಟ್ಟಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಈ ಭಾಷೆಯಲ್ಲಿ ಸ್ಟ್ರಿಂಗ್‌ಗೆ ತನ್ನ ಉದ್ದ ತನಗೇ ಗೊತ್ತಿರುವುದಿಲ್ಲ. ಕೊನೆಯಲ್ಲಿ ಸೊನ್ನೆ ಬೆಲೆಯ ಒಂದು ಬೈಟ್ ಇರಬೇಕು, ಅದೇ ಪೂರ್ಣವಿರಾಮ. ಫೈಲನ್ನು ಓದುವ ಎಫ್‌ರೀಡ್ ಅದನ್ನು ಇಡುವುದಿಲ್ಲ, ನಾವೇ ಇಡಬೇಕು. ಹುಡುಗ ಇಟ್ಟಿರಲಿಲ್ಲ. ನಾಲ್ಕು ಸಲ ಪಕ್ಕದ ಬೈಟಿನಲ್ಲಿ ಅದೃಷ್ಟಕ್ಕೆ ಸೊನ್ನೆಯಿತ್ತು. ಐದನೇ ಸಲ ಇರಲಿಲ್ಲ.

ಕ್ರಮ ಇಷ್ಟೇ. ಎಫ್‌ಓಪನ್‌ನಿಂದ ಫೈಲನ್ನು ಬೈನರಿ ಮೋಡ್‌ನಲ್ಲಿ ತೆರೆಯಿರಿ. ತೆರೆಯಿತೇ ಎಂದು ನೋಡಿ. ಎಫ್‌ಸೀಕ್‌ನಿಂದ ಕೊನೆಗೆ ಹೋಗಿ, ಎಷ್ಟು ಬೈಟ್ ಇದೆಯೆಂದು ಎಫ್‌ಟೆಲ್‌ನಿಂದ ತಿಳಿದು, ಮತ್ತೆ ಮೊದಲಿಗೆ ಬನ್ನಿ. ಆ ಅಳತೆಗೆ ಒಂದು ಕೂಡಿಸಿ ಮ್ಯಾಲಕ್‌ನಿಂದ ಜಾಗ ಕೇಳಿ. ಸಿಕ್ಕಿತೇ ಎಂದು ನೋಡಿ. ಎಫ್‌ರೀಡ್ ನಿಜವಾಗಿ ಎಷ್ಟು ಬೈಟ್ ಓದಿತೋ ಅದರ ಮುಂದಿನ ಬೈಟಿಗೆ ಸೊನ್ನೆ ಹಾಕಿ. ಫೈಲು ಮುಚ್ಚಿ. ಕೆಲಸ ಮುಗಿದ ಮೇಲೆ ಫ್ರೀ ಬಳಸಿ ಜಾಗ ಹಿಂದಿರುಗಿಸಿ.

"ಎಷ್ಟು ಅಕ್ಷರ ಬರೆದಿದ್ದೀನಿ ಅಂತ ನನಗೇ ಗೊತ್ತಲ್ಲ ಸಾರ್, ಅಳೆಯೋದು ಯಾಕೆ?" ಎಂದು ಹುಡುಗ ಕೇಳಿದ. 'ಅಮ್ಮ' ಎಂದು ಬರೆಸಿದೆ. ಕಣ್ಣಿಗೆ ಎರಡೇ ಅಕ್ಷರ. ಇಂದು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಅ, ಮ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ, ಇನ್ನೊಂದು ಮ ಎಂದು ನಾಲ್ಕು ಸಂಕೇತಗಳು. ಒಂದೊಂದಕ್ಕೂ 3 ಬೈಟ್. ಒಟ್ಟು 12, ಸೊನ್ನೆಯದೂ ಸೇರಿ 13. ಹುಡುಗ ತಲೆ ಕೆರೆದುಕೊಂಡ.

ಅಳೆಯದೆ ತುಂಬಿಸಿದರೆ ಕಸ ಬರುವುದಷ್ಟೇ ಅಲ್ಲ. 1988ರ ನವೆಂಬರ್‌ನಲ್ಲಿ ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ ಅಮೆರಿಕದಲ್ಲಿ ಸಾವಿರಾರು ಕಂಪ್ಯೂಟರ್‌ಗಳಿಗೆ ಹಬ್ಬಿತು. ಅದು ನುಗ್ಗಿದ ದಾರಿಗಳಲ್ಲಿ ಒಂದು, 512 ಬೈಟ್‌ಗಳ ಜಾಗಕ್ಕೆ 536 ಬೈಟ್ ಸುರಿದದ್ದು. ಜಾಗ ಎಷ್ಟಿದೆಯೆಂದು ಕೇಳದೆ ಓದುತ್ತಿದ್ದ ಗೆಟ್ಸ್ ಎಂಬ ಫಂಕ್ಷನ್ನು ಅದಕ್ಕೆ ಬಾಗಿಲು ತೆರೆದಿತ್ತು. 2011ರ ಸಿ ಮಾನಕದಲ್ಲಿ ಗೆಟ್ಸ್ ಅನ್ನೇ ಕೈಬಿಡಲಾಯಿತು.

ಗಣಿತದಲ್ಲಿ ಉತ್ತರಕ್ಕೆ ಮಾತ್ರವಲ್ಲ, ಹಂತಗಳಿಗೂ ಅಂಕ ಕೊಡುತ್ತೇವೆ. ಅದೃಷ್ಟದಿಂದ ಸರಿಬಂದ ಉತ್ತರವನ್ನು ನಂಬಿ ಕೂರಬಾರದೆಂದೇ ಈ ಕ್ರಮ. ಪೋಷಕರು ಮಕ್ಕಳನ್ನು "ಪ್ರೋಗ್ರಾಂ ಸರಿಬಂತಾ?" ಎಂದು ಕೇಳುತ್ತಾರೆ. "ಯಾಕೆ ಸರಿಬಂತು?" ಎಂದೂ ಒಮ್ಮೆ ಕೇಳಿ ನೋಡಿ. ಅದಕ್ಕೆ ನಿಮಗೆ ಸಿ ಗೊತ್ತಿರಬೇಕಾಗಿಲ್ಲ. ಮಗು ಹೇಳಲು ತಡವರಿಸಿದರೆ ಬೈಯಬೇಡಿ. ಕಲಿಯುವುದು ಅಲ್ಲಿಂದಲೇ ಶುರು.