ಕಾಗದದ ಹಿಂದಿನ ಗೋಡೆ

ದಕ್ಷಿಣ ಲಂಡನ್ನಿನಲ್ಲಿ ನಾವು ಕೊಂಡ ಸಾಲುಮನೆ 1890ರ ಸುಮಾರಿನದು. ಮಲಗುವ ಕೋಣೆಯ ಗೋಡೆಗೆ ಮೂರು ಪದರ ವಾಲ್‌ಪೇಪರ್ ಇತ್ತು. ಮೇಲೆ ಬೂದುಬಣ್ಣದ ಗೆರೆ, ಅದರಡಿ ಕಿತ್ತಳೆ ಹೂಗಳು, ಎಲ್ಲಕ್ಕಿಂತ ಕೆಳಗೆ ಯಾರೋ ಪ್ರೀತಿಯಿಂದ ಆರಿಸಿರಬಹುದಾದ ಗುಬ್ಬಚ್ಚಿಗಳು. ಬಿಸಿನೀರು ಸವರಿ ಕೆರೆಯುತ್ತ ಹೋದಂತೆ ಗುಬ್ಬಚ್ಚಿಗಳು ಹೋಗಿ ಬಿರುಕುಗಳು ಬಂದವು.

ಗದಗಿನಿಂದ ಬಂದಿದ್ದ ಅವ್ವ ಬಾಗಿಲಲ್ಲೇ ನಿಂತಳು. "ಯವ್ವಾ, ಗ್ವಾಡಿ ತುಂಬ ಹಳ್ಳ ಹರದಂಗ ಆಗೇತಲ್ಲ! ಇಷ್ಟು ರೊಕ್ಕ ಸುರದು ಇದನ್ನ ತಗೊಂಡ್ರೇನು?"

ಇಪ್ಪತ್ತೈದು ವರ್ಷದ ಸಾಲ ತಲೆಯ ಮೇಲಿರುವಾಗ ಈ ಪ್ರಶ್ನೆ ಸಣ್ಣದಲ್ಲ. ಕೊಳ್ಳುವ ಮೊದಲು ತಪಾಸಣೆಗೆ ಬಂದವರು, ಗೋಡೆಗೆ ಕಾಗದವಿದೆ, ಹಿಂದೇನಿದೆ ಹೇಳಲಾಗದು ಎಂದು ಒಂದೇ ಸಾಲು ಬರೆದಿದ್ದರು. ಆ ಸಾಲಿಗೆ ಕೊಟ್ಟ ಶುಲ್ಕ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜೇಡರಬಲೆಯಂತೆ ಹರಡಿದ ಸಣ್ಣ ಗೆರೆಗಳಿಗೆ ಹೆದರಬೇಕಿಲ್ಲ. ಹಳೆಯ ಸುಣ್ಣದ ಗಾರೆ ವಯಸ್ಸಾದಂತೆ ಹೀಗಾಗುತ್ತದೆ. ಅವ್ವ ತೆಂಗಿನಕಾಯಿ ತಟ್ಟಿದಂತೆ ಬೆರಳಗೆಣ್ಣಿನಿಂದ ತಟ್ಟುತ್ತ ಹೋದಳು. ಪೊಳ್ಳು ಸದ್ದು ಬಂದಲ್ಲಿ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ ಎಂದರ್ಥ. ಅಷ್ಟನ್ನು ಕಿತ್ತು ಮತ್ತೆ ಮೆತ್ತಿದರಾಯಿತು.

ನಿದ್ದೆಗೆಡಿಸಿದ್ದು ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರಿದ ಒಂದೇ ಬಿರುಕು. ಕೆಳಗೆ ಕೂದಲೆಳೆ, ಮೇಲೆ ಮೂರು ಮಿಲಿಮೀಟರ್. ಇಲ್ಲಿನ ಕಟ್ಟಡ ಸಂಶೋಧನಾ ಸಂಸ್ಥೆಯ ಪಟ್ಟಿಯ ಪ್ರಕಾರ 5 ಮಿಲಿಮೀಟರ್‌ವರೆಗಿನದನ್ನು ತುಂಬಿ ಮುಚ್ಚಬಹುದು. 15 ದಾಟಿದರೆ ದೊಡ್ಡ ರಿಪೇರಿ, 25 ದಾಟಿದರೆ ಗೋಡೆಯನ್ನೇ ಮತ್ತೆ ಕಟ್ಟುವ ಮಾತು. ಆದರೆ ಮೇಲೆ ಅಗಲ, ಕೆಳಗೆ ಸಪೂರ ಎಂದರೆ ಒಂದು ಪಕ್ಕದ ಅಡಿಪಾಯ ಕುಸಿದಿರುವ ಸಾಧ್ಯತೆಯುಂಟು. ಲಂಡನ್ನಿನ ಅಡಿಯ ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮಳೆಗೆ ಉಬ್ಬುತ್ತದೆ. ಹತ್ತಿರದ ಮರ ನೀರು ಹೀರಿದರೆ ಇನ್ನಷ್ಟು ಕುಗ್ಗುತ್ತದೆ. 1976ರ ಬರದಲ್ಲಿ ಇಂಥ ಎಷ್ಟೋ ಮನೆಗಳು ಸೀಳಿದ್ದವು. ಇದನ್ನೆಲ್ಲ ವಿವರಿಸಿದರೆ ಅವ್ವ, "ಎರಿ ಹೊಲ ಬ್ಯಾಸಗ್ಯಾಗ ಬಾಯಿ ಬಿಡೂದಿಲ್ಲೇನು, ಹಂಗs ಅನ್ನು" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಬಿರುಕಿನ ಅಗಲಕ್ಕಿಂತ ಮುಖ್ಯವಾದದ್ದು ಅದಿನ್ನೂ ಸರಿಯುತ್ತಿದೆಯೇ ಎಂಬುದು. ಕಸದ ಚೀಲದಿಂದ ಕಾಗದದ ಚೂರುಗಳನ್ನು ಹೆಕ್ಕಿ ನೆಲದ ಮೇಲೆ ಜೋಡಿಸಿದೆ. ಬಿರುಕಿನ ಗುಂಟ ಗುಬ್ಬಚ್ಚಿಗಳು ಹರಿದಿದ್ದವು. ಕಿತ್ತಳೆ ಹೂ ಸುಕ್ಕಾಗಿತ್ತು. ಬೂದು ಗೆರೆಗಳಿಗೆ ಏನೂ ಆಗಿರಲಿಲ್ಲ. ಬಿರುಕಿನೊಳಗೆ ಯಾರೋ ಹಿಂದೆಯೇ ತುಂಬಿದ್ದ ಗಟ್ಟಿ ಪುಟ್ಟಿಯೂ ಸಿಕ್ಕಿತು. ಅಂದರೆ ಇದು ಹಳೆಯ ಗಾಯ, ಬಹುಶಃ ಆರಿದ್ದು. ಬಹುಶಃ ಎಂದೆ, ಏಕೆಂದರೆ ಸಣ್ಣ ಜಗ್ಗಾಟವನ್ನು ಕಾಗದ ಹರಿಯದೆ ತಾಳಿಕೊಳ್ಳುತ್ತದೆ.

ಹಾಗಾಗಿ ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ, ತಾರೀಕು ಬರೆದು, ತಿಂಗಳಿಗೊಮ್ಮೆ ಅಳೆಯುತ್ತಿದ್ದೇನೆ. ಮಣ್ಣು ಒಣಗಿ ನೆನೆಯುವ ಒಂದು ಸುತ್ತು ಮುಗಿಯುವವರೆಗೆ ಬಣ್ಣವಿಲ್ಲ. ಊರಿಗೆ ಮರಳಿದ ಅವ್ವ ಫೋನಿನಲ್ಲಿ ಮೊಮ್ಮಗನಿಗಿಂತ ಮೊದಲು ಗೋಡೆಯನ್ನು ವಿಚಾರಿಸುತ್ತಾಳೆ. ಫೆಬ್ರವರಿಯಿಂದ ಈವರೆಗೆ ಅರ್ಧ ಮಿಲಿಮೀಟರೂ ಸರಿದಿಲ್ಲ. ಆಗಸ್ಟ್ ಇನ್ನೂ ಬರಬೇಕು.