ಹಜಾರದಲ್ಲಿ ಅವ್ವನ ಮಂಚ



ಹೋದ ಸಲ ದಂಟಿನ ಸೊಪ್ಪಿನ ಎಲೆ ತೂತಾಗೋ ಬಗ್ಗೆ ಬರೆದಿದ್ದೆ. ಈ ಸಲ ಹೊಲದ ಮಾತಲ್ಲ, ಮನೆ ಮಾತು. ಹೋದ ತಿಂಗಳು ನಮ್ಮ ಸುತ್ತಲಿನ ಮೂರು ಮನೆಯವರು ಬಂದು, "ಒಳಗಿನ ಕೆಲಸ ಮಾಡಿಸ್ತಾ ಇದ್ದೀವಿ, ನೀವು ಏನೇನು ಮಾಡಿಸಿದ್ರಿ ಒಂದ್ಸಲ ತೋರಿಸಿ" ಅಂದರು. ತೋರಿಸಿದೆ. ಒಂದೇ ಕತೆ ಮೂರು ಸಲ ಹೇಳಿ ಬಾಯಿ ನೋವು ಬಂತು. ಅದಕ್ಕೇ ಬರೆದೇ ಬಿಡೋಣ ಅಂತ ಕೂತಿದ್ದೀನಿ. ತಪ್ಪು ಮಾಡಿ ಕಲಿತ ವಿಷಯ, ಸ್ವಲ್ಪ ಉದ್ದ ಆಗುತ್ತೆ.

ನಮ್ಮ ಹಳೇ ಮನೆ ನೋಡಿದವರು ಇನ್ನೂ ಊರಲ್ಲಿ ಇದ್ದೀರಿ. ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಶುರು ಮಾಡಿದ ಹೆಂಚಿನ ಕಸುಬು ನಮ್ಮ ಉತ್ತರಹಳ್ಳಿ ತನಕ ಬಂದಿತ್ತು. ಮುಂದೆ ಜಗಲಿ, ಒಂದು ಪಕ್ಕಕ್ಕೆ ದನದ ಕೊಟ್ಟಿಗೆ, ನಡುಮನೆ, ಅಟ್ಟ, ಹಿಂದೆ ಬಚ್ಚಲು. ನಡುಮನೆಗೆ ಕೆಂಪು ಗಾರೆ, ಅಡುಗೆಮನೆಗೆ ಸಗಣಿ ಸಾರಣೆ. ಮಳೆಗಾಲದಲ್ಲಿ ಎರಡು ಕಡೆ ಸೋರ್ತಿತ್ತು, ಪಾತ್ರೆ ಇಡ್ತಿದ್ದೆವು. ಹಳೇ ಮನೆ ಸ್ವರ್ಗ ಆಗಿತ್ತು ಅಂತ ನಾನು ಸುಳ್ಳು ಹೇಳಲ್ಲ. ಗೆದ್ದಲು, ಕತ್ತಲು, ಹೊಗೆ ಎಲ್ಲಾ ಇತ್ತು.

2007ರಲ್ಲಿ ಬಿಬಿಎಂಪಿ ಆದ ಮೇಲೆ ಏನಾಯ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಸುತ್ತ ಲೇಔಟು, ಅಪಾರ್ಟ್‌ಮೆಂಟು, ನಡುವೆ ನಮ್ಮಂಥವರ ಚೂರುಪಾರು ಹೊಲ. 2012ರಲ್ಲಿ ನಾನೂ ಹದಿನೆಂಟು ಗುಂಟೆ ಮಾರಿದೆ. ಆ ದುಡ್ಡಲ್ಲಿ ಮಗಳ ಮದುವೆ, ಸಾಲ ತೀರಿಕೆ, ಉಳಿದದ್ದರಲ್ಲಿ ಮೂವತ್ತು-ನಲವತ್ತರ ಮನೆ.

ಕೆಲಸ ಹಿಡಿದವನು ಫೋನಲ್ಲಿ ಫೋಟೋ ತೋರಿಸ್ತಾ ಹೋದ, ನಾನು ಹೂಂ ಅಂತಾ ಹೋದೆ. ಮುಖ ಕಾಣೋ ಹಾಗೆ ಹೊಳೆಯೋ ಬಿಳಿ ಟೈಲ್ಸು, ಹಜಾರಕ್ಕೆ ಫಾಲ್ಸ್ ಸೀಲಿಂಗು, ಅದರೊಳಗೆ ನೀಲಿ ಲೈಟು, ಗೋಡೆ ತುಂಬಾ ಟಿ.ವಿ. ಕಪಾಟು, ಮೂಲೆ ತಿರುಗೋ ಸೋಫಾ, ಮಾಡ್ಯುಲರ್ ಕಿಚನ್ನು. ಗೃಹಪ್ರವೇಶಕ್ಕೆ ಬಂದವರೆಲ್ಲ "ಭಾರಿ ಮಾಡ್ಸಿದ್ದೀಯ" ಅಂದರು. ಎದೆ ಉಬ್ಬಿತು. ಹೊಲ ಮಾರಿದ ನೋವು ಅವತ್ತು ಒಂದು ದಿನ ಮರೆತುಹೋಯ್ತು.

ಅವ್ವ ಮಾತ್ರ ಹೊಸ್ತಿಲು ದಾಟಿ ನಿಂತು, "ಲೋ, ಇದೇನ್ಲಾ ನೆಲ, ಮಕ ಕಾಣ್ತದೆ. ಕಾಲಿಕ್ಕಕ್ಕೇ ಭಯ ಆಯ್ತದೆ" ಅಂದರು. ನಕ್ಕೆವು. ಆಮೇಲಿನ ಹತ್ತು ವರ್ಷ ಅವರು ಆ ಹಜಾರದಲ್ಲಿ ಗದ್ದೆ ಬದು ಮೇಲೆ ನಡೆಯೋ ಹಾಗೆ, ಗೋಡೆ ಹಿಡಿದೇ ನಡೆದರು. ಸೋಫಾ ಮೇಲೆ ಒಂದು ದಿನವೂ ಕೂರಲಿಲ್ಲ. ಗೇಟಿನ ಪಕ್ಕ ಹಳೇ ಮನೆಯ ಒಂದು ಚಪ್ಪಡಿ ಕಲ್ಲು ಬಿದ್ದಿತ್ತು, ಅದರ ಮೇಲೆ ಕೂತು ಸೊಪ್ಪು ಬಿಡಿಸೋರು. ಅವ್ವನಿಗೆ ಗಾಳಿ ಇಷ್ಟ ಅಂದುಕೊಂಡಿದ್ದೆ.

2022ರ ಆಗಸ್ಟ್ ಕೊನೆ. ಆ ಸಲದ ಮಳೆ ಎಲ್ಲರಿಗೂ ನೆನಪಿರುತ್ತೆ. ಸಂಜೆ ಕೊಯ್ದ ಸೊಪ್ಪು ನೆನೀತಾ ಇತ್ತು, ಗೋಣಿ ಚೀಲ ತರೋಕೆ ಹೊಲದಿಂದ ಓಡಿ ಬಂದೆ. ಒದ್ದೆ ಕಾಲಲ್ಲೇ ಹಜಾರ ದಾಟಿ ಒಳಗೆ ಹೋದೆ, ಚೀಲ ತಗೊಂಡು ಹಾಗೇ ಹೊರಗೆ ಓಡಿದೆ. ನನ್ನ ಕಾಲಿನ ನೀರು ಬಿಳಿ ನೆಲದ ಮೇಲೆ ಬಿದ್ದಿತ್ತು. ಬಿಳಿ ನೆಲದ ಮೇಲೆ ನೀರು ಕಾಣಲ್ಲ. ದೀಪ ಹಚ್ಚೋಕೆ ಎದ್ದ ಅವ್ವ ಅದರ ಮೇಲೆ ಜಾರಿದರು. ಸೊಂಟದ ಹತ್ತಿರ ಮೂಳೆ ಮುರೀತು. ಆಗ ಅವರಿಗೆ ಎಪ್ಪತ್ತಾರು.

ಟೈಲ್ಸ್ ಅಂಗಡಿಯವನದ್ದು ತಪ್ಪು, ಮೇಸ್ತ್ರಿದು ತಪ್ಪು ಅಂತ ಯಾರ ಮೇಲೂ ಹೇಳಲ್ಲ. ಆರಿಸಿದವನು ನಾನು, ನೀರು ಚೆಲ್ಲಿದವನೂ ನಾನೇ.

ಆಪರೇಷನ್ ಆಗಿ ಮನೆಗೆ ಕರೆತಂದಾಗ ಹಿಂದಿನ ಕೋಣೆಯಲ್ಲಿ ಮಲಗಿಸಿದೆವು. ಅದು ಸ್ಟೋರ್ ರೂಮ್ ಆಗಬೇಕಿದ್ದ ಕೋಣೆ, ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಹದಿನೈದು ದಿನಕ್ಕೆ ಅವ್ವ ಮಾತು ಕಮ್ಮಿ ಮಾಡಿದರು, ಊಟ ಕಮ್ಮಿ ಮಾಡಿದರು. ಒಂದು ದಿನ ಮುದ್ದೆ ತಟ್ಟೆ ಪಕ್ಕಕ್ಕೆ ತಳ್ಳಿ, "ನನ್ನ ಮಂಚ ಹಜಾರಕ್ಕೆ ಹಾಕ್ಸು ಮಗ. ಯಾರು ಬಂದ್ರು ಯಾರು ಹೋದ್ರು ಅಂತಾದ್ರೂ ಕಾಣ್ತದೆ" ಅಂದರು.

ಮಗ ತಲೆ ಕೆರೆದುಕೊಂಡ. "ಅಪ್ಪಾಜಿ, ಸೋಫಾ ಎಲ್ಲಿಡೋದು? ಬಂದೋರು ಏನಂದ್ಕೋತಾರೆ?" ಅಂದ. ನಿಜ ಹೇಳಬೇಕಂದ್ರೆ ನನ್ನ ತಲೇಲೂ ಅದೇ ಬಂದಿತ್ತು. ಸೊಸೆ ಒಬ್ಬಳೇ, "ಮಾವ, ಹತ್ತು ವರ್ಷದಲ್ಲಿ ಆ ಸೋಫಾ ಮೇಲೆ ನಾವೇ ಎಷ್ಟು ದಿನ ಕೂತಿದ್ದೀವಿ ಹೇಳಿ" ಅಂದಳು. ಲೆಕ್ಕ ಹಾಕಿದೆವು. ನಾವು ಊಟ ಮಾಡೋದು ಅಡುಗೆಮನೆ ನೆಲದ ಮೇಲೆ, ಮಾತಾಡೋದು ಗೇಟಿನ ಹತ್ತಿರ, ಚೀಲ ಕಟ್ಟೋದು ಶೆಡ್ಡಲ್ಲಿ. ಮನೆಯ ಎಲ್ಲಕ್ಕಿಂತ ದೊಡ್ಡ ಜಾಗ ವರ್ಷಕ್ಕೆ ನಾಕು ಸಲ ಬರೋ ನೆಂಟರಿಗೆ ಅಂತ ಪ್ಲಾಸ್ಟಿಕ್ ಕವರ್ ಹಾಕಿಸಿಕೊಂಡು ಕೂತಿತ್ತು. ಅವತ್ತು ಸಾಯಂಕಾಲವೇ ಸೋಫಾ ಮಹಡಿ ಮೇಲೆ ಹೋಯ್ತು, ಅವ್ವನ ಮಂಚ ರಸ್ತೆ ಕಿಟಕಿ ಪಕ್ಕಕ್ಕೆ ಬಂತು.

ಅಲ್ಲಿಂದ ಶುರುವಾದದ್ದು, ಕೈಲಿ ದುಡ್ಡು ಬಂದಾಗ ಬಂದಾಗ ಒಂದೊಂದೇ ಮಾಡಿಸಿ ಎರಡು ವರ್ಷ ಹಿಡೀತು. ನಿಮಗೆ ಉಪಯೋಗ ಆಗೋದನ್ನ ಹೇಳ್ತೀನಿ.

ಮೊದಲು ಬಾಗಿಲು. ನಾವು ರೈತರು, ಹೊಲದಿಂದ ಬರ್ತೀವಿ. ಕಾಲಲ್ಲಿ ಕೆಸರು ಇದ್ದೇ ಇರುತ್ತೆ. ಹಳೇ ಮನೇಲಿ ಜಗಲಿ ಪಕ್ಕ ನೀರಿನ ಕೊಳಗ ಇರ್ತಿತ್ತು, ಕಾಲು ತೊಳೆದೇ ಒಳಗೆ. ಹೊಸ ಮನೇಲಿ ಅದನ್ನ ಬಿಟ್ಟೇಬಿಟ್ಟಿದ್ದೆ. ಈಗ ಗೇಟಿನ ಪಕ್ಕ ಮೊಣಕಾಲೆತ್ತರದ ನಲ್ಲಿ, ಕೂರೋಕೆ ಒಂದು ಕಲ್ಲು. ಬಾಗಿಲ ತನಕ ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು, ಪಾಲಿಶ್ ಮಾಡಿಸದೆ ಒರಟಾಗೇ ಹಾಸಿದ್ದೀನಿ. ಆ ನಲ್ಲಿಗೆ ತಾರಸಿ ಮಳೆ ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರದ ಇನ್ನೂರು ಚದರಡಿ ತಾರಸಿ ಅಂದ್ರೆ ಸುಮಾರು 110 ಚದರ ಮೀಟರ್, 20 ಮಿಲಿಮೀಟರ್ ಮಳೆಗೆ ಎರಡು ಸಾವಿರ ಲೀಟರಿಗೂ ಮೇಲೆ. 2024ರ ಬೇಸಿಗೇಲಿ ಟ್ಯಾಂಕರ್‌ಗೆ ಕಾದವರಿಗೆ ಇದರ ಬೆಲೆ ಗೊತ್ತು.

ಎರಡನೇದು ನೆಲ. ಎಲ್ಲಾ ಟೈಲ್ಸ್ ಕೀಳಿಸಲಿಲ್ಲ, ಅಷ್ಟು ದುಡ್ಡಿಲ್ಲ. ಬಚ್ಚಲಿಗೆ ಜಾರದ ಒರಟು ಟೈಲ್ಸು, ಗೋಡೆಗೆ ಹಿಡಿಕೆ. ಹಜಾರದ ಟೈಲ್ಸ್ ಮಾತ್ರ ಕಿತ್ತು ಕೆಂಪು ಗಾರೆ ಹಾಕಿಸಿದೆ. ಕನಕಪುರ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ ಸಿಕ್ಕಿದರು. ಅವರು ಹೇಳಿದ ಗುಟ್ಟು ಇಷ್ಟು: ಒಂದು ಕೋಣೆಗೆ ಬೇಕಾದ ಸಿಮೆಂಟು, ಕೆಂಪು ಪುಡಿ ಎಲ್ಲಾ ಒಂದೇ ಸಲ ಒಣಗಿದ್ದಾಗಲೇ ಬೆರೆಸಿ ಜರಡಿ ಹಿಡೀಬೇಕು. ಎರಡು ಸಲ ಬೆರೆಸಿದರೆ ಎರಡು ಬಣ್ಣ. ಶುರು ಮಾಡಿದ ಮೇಲೆ ಮಧ್ಯೆ ನಿಲ್ಲಿಸೋ ಹಾಗಿಲ್ಲ. ಮುಗಿದ ಮೇಲೆ ವಾರದ ಮೇಲೆ ನೀರು ಕಟ್ಟಬೇಕು, ಅವಸರ ಮಾಡಿದರೆ ಬಿರುಕು. ನಮ್ಮದರಲ್ಲೂ ಎರಡು ಕೂದಲೆಳೆ ಬಿರುಕು ಬಂದಿದೆ, ಇರಲಿ. ಒಂದು ಎಚ್ಚರ: ಕೆಂಪು ಗಾರೆನೂ ಕನ್ನಡಿ ಥರ ಉಜ್ಜಿಸಿದರೆ ಒದ್ದೆಯಲ್ಲಿ ಜಾರುತ್ತೆ. ಮೇಸ್ತ್ರಿಗೆ "ಹೊಳಪು ಬೇಡ, ಕಾಲು ಹಿಡೀಲಿ" ಅಂತ ಮೊದಲೇ ಹೇಳಿ.

ಮೂರನೇದು ಅಡುಗೆಮನೆ. ಮಾಡ್ಯುಲರ್ ಕಪಾಟಿನ ತಳ ಸಿಂಕಿನ ಹತ್ತಿರ ಎರಡೇ ವರ್ಷಕ್ಕೆ ಊದಿಕೊಂಡು ಪುಡಿ ಉದುರ್ತಿತ್ತು. ಮರದ ಹಲಗೆ ತಗೊಳ್ಳುವಾಗ ಮುದ್ರೆ ನೋಡಿ. ಐಎಸ್ 303 ಅಂದ್ರೆ ಸಾಮಾನ್ಯ ಕೆಲಸದ ಪ್ಲೈವುಡ್ಡು, ಐಎಸ್ 710 ಅಂದ್ರೆ ನೀರಿನ ಜಾಗಕ್ಕೆ ತಡೆಯೋ ಮೆರೈನ್ ಪ್ಲೈ. ನಾನು ಅದೂ ಬೇಡ ಅಂತ ಕೆಳಗೆಲ್ಲ ಕಡಪ ಕಲ್ಲಿನ ಅರೆ ಹಾಕಿಸಿ ಅಲ್ಯೂಮಿನಿಯಂ ಬಾಗಿಲು ಕೂಡಿಸಿದೆ. ಗೆದ್ದಲಿಗೆ ಅಲ್ಲಿ ಕೆಲಸ ಇಲ್ಲ.

ಕಟ್ಟೆ ಎತ್ತರ ಇನ್ನೊಂದು ಕತೆ. ಮೊದಲು 36 ಇಂಚು ಇತ್ತು. ನಮ್ಮ ಮನೆಯವಳು ಐದಡಿ. ಹತ್ತು ವರ್ಷ ಭುಜ ನೋವು ಅಂತಿದ್ದಳು, ಕೆಲಸ ಜಾಸ್ತಿ ಅಂದುಕೊಂಡಿದ್ದೆ. ಮೊಣಕೈ ಮಡಚಿ ನಿಂತರೆ ಅಲ್ಲಿಂದ ನಾಕೈದು ಇಂಚು ಕೆಳಗೆ ಕಟ್ಟೆ ಬರಬೇಕು. ಈಗ 32 ಇಂಚು. ಪಕ್ಕದಲ್ಲೇ ಮೊಣಕಾಲೆತ್ತರಕ್ಕೆ ಒಂದು ಕಲ್ಲಿನ ಕಟ್ಟೆ, ಬರೀ ಮುದ್ದೆಗೆ. ಮುದ್ದೆ ತೊಳಸೋಕೆ ಮೇಲಿಂದ ಬಲ ಹಾಕಬೇಕು, ಪಾತ್ರೆ ಕವೆಗೋಲಲ್ಲಿ ಅದುಮಿ ಹಿಡೀಬೇಕು. ಫೋನಲ್ಲಿ ನೋಡಿದ ಯಾವ ಕಿಚನ್ ಫೋಟೋದಲ್ಲೂ ಮುದ್ದೆಗೆ ಜಾಗ ಇರಲಿಲ್ಲ. ದಿನಾ ಮುದ್ದೆ ಉಣ್ಣೋ ನಾವು ಅದನ್ನ ಗಮನಿಸಲೇ ಇಲ್ಲ.

ನಾಲ್ಕನೇದು ಬೆಳಕು. ಇದು ಪೂರ್ತಿ ಸೊಸೆ ಬುದ್ಧಿ. ಅಂದ ಚಂದ ಎಲ್ಲಾ ಹಳೇ ಕಾಲದ್ದೇ ಅಂತ ನಾನು ವಾದ ಮಾಡಲ್ಲ. ಬಲ್ಬಿನ ಡಬ್ಬದ ಮೇಲೆ 6500 ಕೆ ಅಂತ ಇದ್ದರೆ ಆಸ್ಪತ್ರೆ ಥರ ಬಿಳಿ ಬೆಳಕು, 3000 ಅಥವಾ 2700 ಕೆ ಅಂತ ಇದ್ದರೆ ದೀಪದ ಥರ ಹಳದಿ ಬೆಳಕು. ಅಡುಗೆ ಕಟ್ಟೆ ಮೇಲೆ ಬಿಳಿ, ಹಜಾರಕ್ಕೆ ಹಳದಿ ಹಾಕಿಸಿದಳು. ಅವ್ವ ರಾತ್ರಿ ಏಳ್ತಾರೆ ಅಂತ ಮಂಚದಿಂದ ಬಚ್ಚಲ ತನಕ ಗೋಡೆ ಬುಡದಲ್ಲಿ ಪುಟ್ಟ ದೀಪ. ಗೋಡೆಗೆ ಕೆನೆ ಬಣ್ಣ, ಕಿಟಕಿಗೆ ಕೈಮಗ್ಗದ ಹತ್ತಿ ಪರದೆ, ಹಳೇ ಮನೇಲಿ ಇದ್ದ ಹಾಗೆ ಗೋಡೇಲಿ ಎರಡು ಗೂಡು. ಒಂದರಲ್ಲಿ ದೀಪ, ಇನ್ನೊಂದರಲ್ಲಿ ಮೊಮ್ಮಗಳ ಚನ್ನಪಟ್ಟಣದ ಬೊಂಬೆ. ಸುಣ್ಣದ ವಾಸನೆ ಬಿಟ್ಟರೆ ಸಂಜೆ ಹೊತ್ತು ಹಳೇ ನಡುಮನೆ ಥರಾನೇ ಕಾಣುತ್ತೆ.

ಫಾಲ್ಸ್ ಸೀಲಿಂಗ್ ಕೀಳಿಸಿದಾಗ ಒಳಗೆ ಇಲಿ ಗೂಡು, ಅದರ ಪಕ್ಕ ಎರಡು ಬೊಗಸೆ ಆಗೋಷ್ಟು ರಾಗಿ. ಹತ್ತು ವರ್ಷ ನೀಲಿ ಲೈಟ್ ಹಾಕಿ ಇಲಿಗೆ ಕಣಜ ಕಟ್ಟಿಕೊಟ್ಟಿದ್ದೆ! ಅದು ಹೋದ ಮೇಲೆ ಹಜಾರ ಒಂದಡಿ ಎತ್ತರ ಆಯ್ತು, ಫ್ಯಾನಿನ ಗಾಳಿನೂ ಚೆನ್ನಾಗಿ ಬರುತ್ತೆ.

ಕೊನೇದು, ಹಳೇ ಮನೆಯ ಹಲಸಿನ ಮರದ ಬಾಗಿಲು. ಕೆಡವಿದಾಗ ಕೊಳ್ಳೋಕೆ ಒಬ್ಬರು ಬಂದಿದ್ದರು, ಅವ್ವ ಬಿಟ್ಟಿರಲಿಲ್ಲ. ಶೆಡ್ಡಲ್ಲಿ ಟಾರ್ಪಾಲಿನ್ ಅಡಿ ಬಿದ್ದಿತ್ತು. ಕೆಳಗಿನ ಅರ್ಧ ಅಡಿ ಗೆದ್ದಲು ತಿಂದಿತ್ತು, ಅದನ್ನ ಕೊಯ್ಸಿ ಹಾಕಿದೆ. ಎರಡು ಕದದಲ್ಲಿ ಒಂದು ಕಿಟಕಿ ಪಕ್ಕದ ಉದ್ದ ಬೆಂಚು ಆಯ್ತು, ಇನ್ನೊಂದು ಊಟದ ಮೇಜು. ಬೆಂಚಿನ ಅಡಿ ಎರಡು ಡ್ರಮ್ಮು, ಅದರಲ್ಲಿ ವರ್ಷದ ರಾಗಿ. ಬೆಂಚಿನ ಮೇಲೆ ಕೂತವರಿಗೆ ಕೆಳಗೆ ರಾಗಿ ಇರೋದು ಗೊತ್ತೇ ಆಗಲ್ಲ. ಮರದಲ್ಲಿ ಹಳೇ ಚಿಲಕದ ತೂತು ಹಾಗೇ ಇದೆ, ಮುಚ್ಚಿಸಲಿಲ್ಲ. ಅವ್ವ ಕೂತಾಗ ಬೆರಳು ಅಲ್ಲಿಗೇ ಹೋಗುತ್ತೆ.

ಅವ್ವ ಈಗ ವಾಕರ್ ಹಿಡಿದು ನಡೀತಾರೆ. ಮೊದಲಿನ ಹಾಗೆ ಹೊಲಕ್ಕೆ ಬರಲ್ಲ, ಇನ್ನು ಬರೋದೂ ಇಲ್ಲ. ಅಷ್ಟು ಮಾತ್ರ ಯಾವ ಮೇಸ್ತ್ರಿ ಕೈಲೂ ಸರಿಮಾಡಿಸೋಕೆ ಆಗಲಿಲ್ಲ. ಒದ್ದೆ ಕಾಲಲ್ಲಿ ಯಾರಾದರೂ ಒಳಗೆ ಬಂದರೆ ಈಗಲೂ ನನ್ನ ಜೀವ ಝಲ್ ಅನ್ನುತ್ತೆ. ಆದರೆ ಹಜಾರದಲ್ಲಿ ದಿನಾ ಜನ. ಸೊಪ್ಪಿನ ಲೆಕ್ಕ ಕೇಳೋಕೆ ಬಂದವರು, ಮೊಮ್ಮಗಳ ಸ್ನೇಹಿತರು, ಪಕ್ಕದ ಅಪಾರ್ಟ್‌ಮೆಂಟಿನ ಹೆಂಗಸರು ಎಲ್ಲಾ ಮೊದಲು ಅವ್ವನ ಮಂಚದ ತುದೀಲಿ ಕೂರ್ತಾರೆ. ಅವರೆಕಾಯಿ ಮುಂದೆ ಇದ್ದರೆ ಮಾತಾಡ್ತಾ ಮಾತಾಡ್ತಾ ಅವರೂ ಸುಲಿದುಕೊಡ್ತಾರೆ.

ಮನೆ ಕೆಲಸ ಶುರು ಮಾಡೋರಿಗೆ ನನ್ನದು ಒಂದೇ ಮಾತು. ಯಾರನ್ನಾದರೂ ಕರೆಸೋ ಮೊದಲು, ಫೋನಲ್ಲಿ ಫೋಟೋ ನೋಡೋ ಮೊದಲು, ಒಂದು ದಿನ ಬೆಳಗಿಂದ ರಾತ್ರಿ ತನಕ ಒಂದು ಚೀಟೀಲಿ ಬರೀರಿ. ಯಾರು ಎಲ್ಲಿ ಕೂರ್ತಾರೆ, ಎಲ್ಲಿ ಊಟ ಮಾಡ್ತಾರೆ, ಒದ್ದೆ ಕಾಲು ಎಲ್ಲೆಲ್ಲಿ ಓಡಾಡುತ್ತೆ, ರಾತ್ರಿ ಯಾರು ಎಷ್ಟು ಸಲ ಏಳ್ತಾರೆ, ಗುದ್ದಲಿ ಕುಡುಗೋಲು ಎಲ್ಲಿಡ್ತೀರಿ, ರಾಗಿ ಎಲ್ಲಿಡ್ತೀರಿ. ಆ ಚೀಟಿನೇ ಮೇಸ್ತ್ರಿಗೆ ಕೊಡಿ. ಬಣ್ಣ, ಪರದೆ, ಲೈಟು ಮನೆಯ ಹೆಣ್ಮಕ್ಕಳಿಗೆ ಬಿಡಿ, ನಮಗಿಂತ ಚೆನ್ನಾಗಿ ಮಾಡ್ತಾರೆ.

ನೋಡಬೇಕು ಅನ್ನೋರು ಭಾನುವಾರ ಹನ್ನೊಂದರ ಮೇಲೆ ಬನ್ನಿ. ಬೆಳಿಗ್ಗೆ ಸೊಪ್ಪಿನ ಕೆಲಸ ಇರುತ್ತೆ. ಗೇಟಿನ ಪಕ್ಕ ನಲ್ಲಿ ಇದೆ, ಕಾಲು ತೊಳ್ಕೊಂಡು, ಅಲ್ಲೇ ಇರೋ ಗೋಣಿ ಚೀಲದಲ್ಲಿ ಒರೆಸ್ಕೊಂಡು ಒಳಗೆ ಬನ್ನಿ.

ಮುಂದಿನ ವಾರ ಅವರೆ ಹೂವಿನ ಹುಳದ ಬಗ್ಗೆ ಬರೀತೀನಿ.